ಬೆಂಗಳೂರಿಗೆ ‘ಒಂದೇ ಗಂಟೆ’ ಎನ್ನುವ ಮಾನ್ಯರಿಗೆ

ಕರಾವಳಿಯಿಂದ ಗೆದ್ದು ಹೋದ ಶಾಸಕರಿಗೆ, ಸಂಸದರಿಗೆ, ಮತ್ತು ರೈಲ್ವೆ, ಹೆದ್ದಾರಿ, ವಿಮಾನಯಾನ ಇಲಾಖೆಗಳಲ್ಲಿ ಕೂತು ನಮ್ಮ ಊರಿನ ದೂರ ಲೆಕ್ಕ ಹಾಕುವ ಅಧಿಕಾರಿಗಳಿಗೆ,

ನಮಸ್ಕಾರ.

ಮಂಗಳೂರಿಗೂ ಬೆಂಗಳೂರಿಗೂ ವಿಮಾನದಲ್ಲಿ ಒಂದು ಗಂಟೆ. ಈ ಮಾತನ್ನು ನೀವು ವೇದಿಕೆಯಲ್ಲಿ ಹೇಳುತ್ತೀರಿ, ಹೂಡಿಕೆದಾರರ ಸಭೆಯಲ್ಲಿ ಹೇಳುತ್ತೀರಿ, ರೈಲಿನ ಬಗ್ಗೆ ಮನವಿ ಹಿಡಿದು ಬಂದವರಿಗೂ ಹೇಳುತ್ತೀರಿ. ಸುಳ್ಳೇನಲ್ಲ. ಟಿಕೆಟಿನಲ್ಲೂ ಹಾಗೆಯೇ ಇರುತ್ತದೆ: ಒಂದು ಗಂಟೆ ಐದು ನಿಮಿಷವೋ ಹತ್ತು ನಿಮಿಷವೋ. ಆ ಟಿಕೆಟನ್ನು ಪ್ರಿಂಟ್ ತೆಗೆದು ಕೊಡುವವರಲ್ಲಿ ನಾನೂ ಒಬ್ಬ. ಪುತ್ತೂರಿನಲ್ಲಿ ಬಸ್ಸು, ರೈಲು, ವಿಮಾನ ಮೂರಕ್ಕೂ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಆ ಒಂದು ಗಂಟೆಯನ್ನು ನಂಬಿ ಬಂದವರಿಗೆ ಉಳಿದ ಗಂಟೆಗಳ ಲೆಕ್ಕವನ್ನು ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಆ ಲೆಕ್ಕ ನಿಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ದೂರ ಎಷ್ಟು ಎಂದು ಕೇಳಿದರೆ ಮೂರ್ನಾಲ್ಕು ಉತ್ತರಗಳಿವೆ, ಎಲ್ಲವೂ ಸರಿಯೇ. ನಕ್ಷೆಯ ಮೇಲೆ ಊರಿಂದ ಊರಿಗೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 300 ಕಿಲೋಮೀಟರ್. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಎಳೆದರೆ ಆರೇಳು ಕಿಲೋಮೀಟರ್ ಜಾಸ್ತಿ; ಪೈಲಟುಗಳ ನಾಟಿಕಲ್ ಮೈಲಿಯಲ್ಲಿ 165ರ ಸುಮಾರು. ಶಿರಾಡಿ ಘಾಟಿಯ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ 350ರ ಆಸುಪಾಸು. ಹಾಸನ, ಶ್ರವಣಬೆಳಗೊಳ, ಕುಣಿಗಲ್ ದಾರಿಯ ರೈಲಿಗೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕಿಲೋಮೀಟರಿನಲ್ಲಿ ಅಂಥ ಅಂತರವೇನಿಲ್ಲ. ಗಂಟೆಗೆ ಬಂದಾಗ ಮಾತ್ರ ವಿಮಾನಕ್ಕೆ ಒಂದು, ಬಸ್ಸಿಗೆ ಏಳೆಂಟು, ಹಗಲು ರೈಲಿಗೆ ಹತ್ತರ ಹತ್ತಿರ.

ಈ ‘ವಿಮಾನಕ್ಕೆ ಒಂದು’ ಎಲ್ಲಿಂದ ಬಂತು ಎನ್ನುವುದನ್ನು ಸ್ವಲ್ಪ ಬಿಡಿಸುತ್ತೇನೆ. ವಿಮಾನ ಕಂಪನಿಯವರು ಟಿಕೆಟಿನಲ್ಲಿ ಹಾಕುವುದು ಬ್ಲಾಕ್ ಟೈಮ್. ನಿಂತ ವಿಮಾನದ ಚಕ್ರಕ್ಕೆ ಕೊಟ್ಟ ತಡೆ ತೆಗೆದಲ್ಲಿಂದ ಇನ್ನೊಂದು ನಿಲ್ದಾಣದಲ್ಲಿ ಮತ್ತೆ ತಡೆ ಕೊಡುವವರೆಗಿನ ಹೊತ್ತು. ಅದರಲ್ಲಿ ನಿಜವಾಗಿ ಹಾರುವುದು ಮುಕ್ಕಾಲು ಗಂಟೆಯ ಸುಮಾರು. ಉಳಿದದ್ದು ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು. ದೊಡ್ಡ ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರಿಗೂ ಮಿಕ್ಕಿ ಹಾರಬಲ್ಲದು ನಿಜ, ಆದರೆ ಇಷ್ಟು ಗಿಡ್ಡ ದಾರಿಯಲ್ಲಿ ಅದು ಏರುವುದರೊಳಗೆ ಇಳಿಯುವ ಹೊತ್ತಾಗಿರುತ್ತದೆ. ಬೆಂಗಳೂರಿನ ಎರಡೂ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿವೆ. ಮೂಡಣ ಗಾಳಿ ಬೀಸುವ ದಿನಗಳಲ್ಲಿ ಮಂಗಳೂರಿಗೆ ಹೊರಟ ವಿಮಾನ ಮೊದಲು ಕೋಲಾರದ ಕಡೆಗೆ ಎದ್ದು ಆಮೇಲೆ ತಿರುಗಿಕೊಂಡು ಪಡುವಣಕ್ಕೆ ಬರಬೇಕು. ಕಂಪನಿಯವರು ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು, ಮೇಲೊಂದಿಷ್ಟು ನಿಮಿಷ ಸೇರಿಸಿಯೇ ಟಿಕೆಟಿನಲ್ಲಿ ಹಾಕುತ್ತಾರೆ. ಹೇಳಿದ ಸಮಯಕ್ಕಿಂತ 15 ನಿಮಿಷದವರೆಗೆ ಹಿಂದೆ ಬಿದ್ದರೂ ಸರ್ಕಾರದ ಲೆಕ್ಕದಲ್ಲಿ ಅದು ‘ಸಮಯಕ್ಕೆ ಸರಿಯಾಗಿ’ ಬಂದ ವಿಮಾನ. ಇಂಥ ಗಿಡ್ಡ ಹಾರಾಟ ಎರಡು ಗಂಟೆ ತಡವಾದರೆ ಪ್ರಯಾಣಿಕರಿಗೆ ತಿಂಡಿ ಕೊಡಬೇಕೆಂದು ವಿಮಾನಯಾನದ ಮೇಲೆ ಕಣ್ಣಿಡುವ ಡಿಜಿಸಿಎಯ ನಿಯಮ ಇದೆ. ಒಂದು ಗಂಟೆಯ ಪ್ರಯಾಣದಲ್ಲಿ ಒಂದು ಲೋಟ ಚಾ ಕೇಳುವ ಹಕ್ಕು ಹುಟ್ಟಬೇಕಾದರೆ ಎರಡು ಗಂಟೆ ಕಾಯಬೇಕು. ನಿಯಮ ಮಾಡಿದವರು ಕೂತು ಯೋಚಿಸಿಯೇ ಮಾಡಿರುತ್ತಾರೆ, ಬಿಡಿ.

ಬ್ಲಾಕ್ ಟೈಮ್ ಕಂಪನಿಗಳ ಕೆಲಸಕ್ಕೆ ಬೇಕಾದ ಲೆಕ್ಕ. ವಿಮಾನಕ್ಕೆ ದಿನಕ್ಕೆ ಎಷ್ಟು ಸುತ್ತು, ಪೈಲಟಿಗೆ ಎಷ್ಟು ತಾಸು ದುಡಿಮೆ ಎಂದು ನೋಡಲು ಅದು ಬೇಕು. ಅದನ್ನು ತಕರಾರು ಮಾಡಲು ನಾನು ಬಂದಿಲ್ಲ. ಊಟಕ್ಕೆ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದವರಿಗೆ ಕುಕ್ಕರ್ ಒಲೆಯ ಮೇಲೆ ಇರುವ ಹೊತ್ತನ್ನಷ್ಟೇ ಹೇಳಿದ ಹಾಗೆ, ನೀವು ಅದೇ ಸಂಖ್ಯೆಯನ್ನು ತಂದು ಊರಿನ ದೂರ ಎಂದು ಹೇಳುತ್ತಿದ್ದೀರಲ್ಲ, ತಕರಾರು ಅದಕ್ಕೆ.

ಅಂಗಡಿಗೆ ಬರುವವರಲ್ಲಿ ಹೈಕೋರ್ಟಿಗೆ ಹೋಗುವವರು ಬಹಳ. ಜಾಗದ ತಕರಾರು, ಪಾಲುಪಟ್ಟಿ, ಕುಮ್ಕಿ, ಸರ್ವಿಸ್ ಮ್ಯಾಟರ್, ಜಾಮೀನು. ಮೊನ್ನೆ ಹಾಗೆ ಬಂದ ಒಬ್ಬರು ಹಿರಿಯರು, ಮಂಡಿನೋವಿನವರು, ಬಸ್ಸಿನಲ್ಲಿ ರಾತ್ರಿಯಿಡೀ ಕೂರುವುದು ಕಷ್ಟ ಎಂದರು. ಸಂಗಡ ಮಗಳು.

“ವಿಮಾನದಲ್ಲಿ ಒಂದು ಗಂಟೆಯಲ್ಲಿ ಮುಟ್ಟುದಲ್ವಾ ಮಾರಾಯ್ರೇ? ಹತ್ತೂವರೆಗೆ ಕೋರ್ಟು. ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಸಾಕಲ್ಲ?”

“ಸಾಕಾಗುದಿಲ್ಲ ಅಣ್ಣ. ನಾಲ್ಕು ಗಂಟೆಗೆ ಮನೆಯಿಂದ ಹೊರಡ್ಬೇಕು.”

“ನಾಲ್ಕಕ್ಕಾ? ಎಂತಕ್ಕೆ?”

ಎಂತಕ್ಕೆ ಎನ್ನುವುದನ್ನು ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಬೆಳಿಗ್ಗೆ ಏಳರ ಹೊತ್ತಿನ ವಿಮಾನ ಎಂದಿಟ್ಟುಕೊಳ್ಳಿ. ಪುತ್ತೂರಿನಿಂದ ಬಜ್ಪೆಗೆ ಐವತ್ತು ಕಿಲೋಮೀಟರಿನ ಸುಮಾರು. ಮಾಣಿ, ಕಲ್ಲಡ್ಕ, ಬಿ.ಸಿ.ರೋಡ್ ದಾಟಿ, ಪೊಳಲಿ ಕೈಕಂಬ ಆಗಿ, ಕತ್ತಲಲ್ಲಿ ಒಂದೂವರೆ ಗಂಟೆ. ಚೆಕ್‌–ಇನ್ ಕೌಂಟರ್ ಮುಚ್ಚುವುದು ಹೊರಡುವುದಕ್ಕೆ ಒಂದು ಗಂಟೆ ಮೊದಲು. ಮಂಡಿನೋವಿನವರಿಗೆ ಗಾಲಿಕುರ್ಚಿ ಬೇಕಾದರೆ ಇನ್ನೂ ಮೊದಲೇ ಹೋಗಬೇಕು. ಹಾಗಾಗಿ ಐದೂವರೆಗೆ ಬಜ್ಪೆ. ಏಳಕ್ಕೆ ಹೊರಟ ವಿಮಾನ ಎಂಟೂ ಐದಕ್ಕೆ ದೇವನಹಳ್ಳಿಯಲ್ಲಿ ನಿಂತಿತು. ಬಾಗಿಲು ತೆರೆದು, ನಡೆದು, ಬ್ಯಾಗು ಬಂದು ಹೊರಗೆ ಕಾಲಿಡುವಾಗ ಎಂಟೂವರೆ ದಾಟಿರುತ್ತದೆ. ಅಲ್ಲಿಂದ ವಿಧಾನಸೌಧದ ಎದುರಿನ ಕೆಂಪು ಕಟ್ಟಡಕ್ಕೆ 35 ಕಿಲೋಮೀಟರಿನ ಮೇಲೆ. ಆಫೀಸಿಗೆ ಹೋಗುವವರೆಲ್ಲ ರಸ್ತೆಗಿಳಿಯುವ ಹೊತ್ತು. ಹೆಬ್ಬಾಳ ದಾಟಿದ್ದೇ ದೊಡ್ಡದು. ವಾಯುವಜ್ರ ಬಸ್ಸಾದರೂ ಟ್ಯಾಕ್ಸಿಯಾದರೂ ಟ್ರಾಫಿಕ್ ಒಂದೇ. ಕೋರ್ಟಿನ ಗೇಟಿಗೆ ಮುಟ್ಟುವಾಗ ಹತ್ತು, ಹತ್ತೂಕಾಲು. ನಾಲ್ಕಕ್ಕೆ ಹೊರಟವರಿಗೆ ಆರು ಗಂಟೆ ಆಯಿತು. ಅದರಲ್ಲಿ ಆಕಾಶದಲ್ಲಿ ಇದ್ದದ್ದು ಮುಕ್ಕಾಲು ಗಂಟೆ.

ಆ ಹಿರಿಯರು ಲೆಕ್ಕ ನೋಡಿ ನಕ್ಕರು. ಮಗಳು ಕೇಳಿದಳು, “ಹಾಗಾದ್ರೆ ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಸೀಟು ಉಂಟಾ?” ಇತ್ತು. ಅದನ್ನೇ ಮಾಡಿಕೊಟ್ಟೆ.

ಇಲ್ಲಿ ಒಂದು ವಿಚಿತ್ರ ಇದೆ, ಘಟ್ಟದ ಮೇಲೆ ಇರುವವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಪುತ್ತೂರು ಇರುವುದು ಮಂಗಳೂರಿಗಿಂತ ಪೂರ್ವಕ್ಕೆ, ಅಂದರೆ ಬೆಂಗಳೂರಿನ ದಿಕ್ಕಿಗೆ. ವಿಮಾನ ಹಿಡಿಯಬೇಕಾದರೆ ನಾವು ಬೆಂಗಳೂರಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ಹೋಗಬೇಕು. ಅಲ್ಲಿಂದ ಹಾರಿದ ವಿಮಾನ ನಮ್ಮ ಜಿಲ್ಲೆಯ ಮೇಲೆಯೇ ವಾಪಸು ಹೋಗುತ್ತದೆ. ಆ ತುದಿಯಲ್ಲಿಯೂ ಇದೇ ಕತೆ. ದೇವನಹಳ್ಳಿ ಬೆಂಗಳೂರಿನ ಈಶಾನ್ಯಕ್ಕೆ. ರಾಜಾಜಿನಗರ, ವಿಜಯನಗರ, ಕೆಂಗೇರಿ, ನಮ್ಮ ಕಡೆಯವರು ಹೆಚ್ಚಾಗಿ ಮನೆ ಮಾಡಿಕೊಂಡಿರುವ ಈ ಪಡುವಣದ ಬಡಾವಣೆಗಳನ್ನು ಮೇಲಿಂದಲೇ ದಾಟಿ ಹೋಗಿ, ಆಚೆ ಇಳಿದು, ಮತ್ತೆ ಈಚೆಗೆ ಬರಬೇಕು. ಹಬ್ಬಕ್ಕೆ ಊರಿಗೆ ಬರುವ ಕೆಂಗೇರಿಯ ಹುಡುಗ ಐವತ್ತು ಕಿಲೋಮೀಟರ್ ತಿರುಗು ದಿಕ್ಕಿಗೆ ಹೋಗಿ ದೇವನಹಳ್ಳಿ ಮುಟ್ಟುವ ಹೊತ್ತಿಗೆ, ಅದೇ ಗಳಿಗೆಗೆ ಬಸ್ಸು ಹತ್ತಿದ ಅವನ ರೂಮ್‌ಮೇಟ್ ಕುಣಿಗಲ್ ದಾಟಿರುತ್ತಾನೆ.

2008ರ ಮೇ ತಿಂಗಳವರೆಗೆ ಹೀಗಿರಲಿಲ್ಲ. ಆಗ ವಿಮಾನಗಳು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು, ಊರ ನಡುವಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನ ಜಾಗ. ಟಿಕೆಟಿನ ಸಮಯ ಆಗಲೂ ಹೆಚ್ಚುಕಡಿಮೆ ಇಷ್ಟೇ. ದೇವನಹಳ್ಳಿಗೆ ಹೋದ ಮೇಲೆ ವಿಮಾನದ ಸಮಯದಲ್ಲಿ ಏನೂ ಬದಲಾಗಲಿಲ್ಲ, ಮನುಷ್ಯನ ಸಮಯಕ್ಕೆ ಮಾತ್ರ ಒಂದು ಗಂಟೆಗೂ ಹೆಚ್ಚು ಸೇರಿಕೊಂಡಿತು. ಹಳೆಯ ನಿಲ್ದಾಣ ಸಾಲುತ್ತಿರಲಿಲ್ಲ, ಹೊಸದು ಬೇಕಿತ್ತು, ಒಪ್ಪುತ್ತೇನೆ. ಹೊಸ ನಿಲ್ದಾಣ ಕಟ್ಟಿದವರ ಜೊತೆಗಿನ ಒಪ್ಪಂದದಲ್ಲಿ 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣ 25 ವರ್ಷ ಬರಬಾರದು ಎಂದಿದೆ. ಮೈಸೂರು, ಹಾಸನಕ್ಕಷ್ಟೇ ವಿನಾಯಿತಿ. ಆ ಗಡುವು 2033ಕ್ಕೆ ಮುಗಿಯುತ್ತದೆ. ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆಯ ಜಾಗಗಳ ಜೊತೆ ನೆಲಮಂಗಲ–ಕುಣಿಗಲ್ ರಸ್ತೆಯ ಜಾಗವನ್ನೂ ನೀವು 2025ರಲ್ಲಿ ತೋರಿಸಿದ್ದೀರಿ. ಕರಾವಳಿಯವರ ಕಣ್ಣು ಸಹಜವಾಗಿ ಕುಣಿಗಲ್ ರಸ್ತೆಯ ಮೇಲಿದೆ. ಆದರೆ ನನಗೆ ಆಸೆಗಿಂತ ಅನುಮಾನವೇ ಜಾಸ್ತಿ: ಕುಣಿಗಲ್ ರಸ್ತೆಯಲ್ಲಿ ಇಳಿದವನೂ ಹೈಕೋರ್ಟಿಗೆ ಹೋಗಬೇಕಾದರೆ ತುಮಕೂರು ರಸ್ತೆಯ ಟ್ರಾಫಿಕ್‌ನಲ್ಲೇ ಹೋಗಬೇಕು. ದೇವನಹಳ್ಳಿಗೆ ಮೆಟ್ರೋ ಬರುತ್ತಿದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರ ಸುತ್ತಿ ಹೋಗುವ 58 ಕಿಲೋಮೀಟರಿನ ಆ ಮಾರ್ಗಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2021ರಲ್ಲಿ. ಅದು ಓಡಲಿ, ಆಮೇಲೆ ಮಾತಾಡೋಣ.

ವಿಮಾನದ ಮೇಲೆ ನನಗೆ ಸಿಟ್ಟಿಲ್ಲ, ಅದರಿಂದಲೇ ನನಗೆ ನಾಲ್ಕು ಕಾಸು. ಮಳೆಗಾಲದಲ್ಲಿ ಬಜ್ಪೆಯಲ್ಲಿ ಮೋಡ ಕೆಳಗಿಳಿದು ವಿಮಾನ ಇಳಿಯಲಾರದೆ ವಾಪಸು ಹೋದರೂ ನಾನು ಯಾರನ್ನೂ ಬೈಯುವವನಲ್ಲ, ಬೈಯುವವರನ್ನೂ ತಡೆಯುತ್ತೇನೆ. ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಅದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನದಲ್ಲಿ 158 ಜನ ಹೋದದ್ದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಅಲ್ಲಿ ಪೈಲಟ್ ಅರ್ಧ ಗಂಟೆ ಸುತ್ತು ಹಾಕಿದರೆ ಹಾಕಲಿ.

ನನ್ನ ಸಿಟ್ಟು ಆ ‘ಒಂದು ಗಂಟೆ’ ಮಾಡಿದ ಕೆಲಸದ ಮೇಲೆ. ಅದು ನಿಮಗೆ ಒಂದು ಒಳ್ಳೆಯ ನೆಪವಾಗಿಬಿಟ್ಟಿದೆ. ಘಟ್ಟದ ರೈಲು ನಿಧಾನ ಎಂದರೆ ವಿಮಾನ ಇದೆಯಲ್ಲ. ಶಿರಾಡಿ ಕುಸಿದಿದೆ ಎಂದರೆ ವಿಮಾನ ಇದೆಯಲ್ಲ. ಎಲ್ಲಕ್ಕಿಂತ ಮುಖ್ಯ, ನೀವೇ ಆ ವಿಮಾನದಲ್ಲಿ ಹೋಗುತ್ತೀರಿ. ಅಧಿವೇಶನಕ್ಕೆ ಹೋಗಲು, ಇಲಾಖಾ ಸಭೆಗೆ ಹೋಗಲು ಹತ್ತುವುದು ಅದನ್ನೇ. ನಿಮಗೆ ಸರದಿ ಇಲ್ಲ, ಆ ತುದಿಯಲ್ಲಿ ಕಾರು ನಿಂತಿರುತ್ತದೆ. ನಿಮಗೆ ಅದು ನಿಜವಾಗಿಯೂ ಎರಡು–ಮೂರು ಗಂಟೆಯ ಪ್ರಯಾಣ. ಘಟ್ಟವನ್ನು ಹದಿನೈದು ಸಾವಿರ ಅಡಿ ಮೇಲಿನಿಂದ ನೋಡಿದರೆ ಹಸಿರಾಗಿ ಚೆಂದ ಕಾಣುತ್ತದೆ.

ಕೆಳಗಿನ ಕತೆ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲು ದಾರಿ 55 ಕಿಲೋಮೀಟರ್. 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ, 50 ಮೀಟರ್ ಹೋದರೆ ಒಂದು ಮೀಟರ್ ಏರುವ ದಾರಿ. ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಏರುವ ರೈಲಿಗೆ ಸುಬ್ರಹ್ಮಣ್ಯ ರೋಡ್‌ನಲ್ಲಿ ಹಿಂದಿನಿಂದ ನೂಕುವ ಎಂಜಿನ್ ಕಟ್ಟಬೇಕು, ಮೇಲೆ ಹೋಗಿ ಬಿಚ್ಚಬೇಕು. ಒಂಟಿ ಹಳಿ. ಎದುರಿನಿಂದ ಗೂಡ್ಸ್ ಬಂದರೆ ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ ಇವುಗಳಲ್ಲಿ ಒಂದರಲ್ಲಿ ನಿಂತು ದಾರಿ ಬಿಡಬೇಕು. ಎಡಕುಮೇರಿಯಲ್ಲಿ ನಿಂತ ರೈಲಿನಿಂದ ಕೆಳಗಿಳಿದರೆ ಸುತ್ತ ಕಾಡು, ಹಳಿಯ ಎಣ್ಣೆ ವಾಸನೆ, ಎಲ್ಲೋ ನೀರು ಬೀಳುವ ಸದ್ದು. ಮೊಬೈಲಿಗೆ ಸಿಗ್ನಲ್ ಇಲ್ಲ. ಪ್ರವಾಸಿಗರಿಗೆ ಇದು ಸ್ವರ್ಗವೇ. 2021ರಲ್ಲಿ ಇದೇ ದಾರಿಗೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಬಂತು, ಅದಕ್ಕೆ ನಾನೇ ಬೇಕಾದಷ್ಟು ಟಿಕೆಟ್ ಮಾಡಿದ್ದೇನೆ, ನೋಡಿ ಬಂದವರೆಲ್ಲ ಖುಷಿಯಾಗಿದ್ದಾರೆ. ಆದರೆ ಇಂಟರ್‌ವ್ಯೂಗೆ ಹೊರಟ ಹುಡುಗಿಗೆ ಜಲಪಾತ ನೋಡುವ ಪುರುಸೊತ್ತು ಇರುವುದಿಲ್ಲ.

ಈ ಹಳಿಯ ಚರಿತ್ರೆಯೂ ನಿಮಗೆ ಗೊತ್ತು. ಮೀಟರ್ ಗೇಜನ್ನು ಬ್ರಾಡ್ ಗೇಜ್ ಮಾಡುತ್ತೇವೆಂದು 1996ರಲ್ಲಿ ರೈಲು ನಿಲ್ಲಿಸಿದಿರಿ. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಹನ್ನೊಂದು ವರ್ಷದಲ್ಲಿ ಇಲ್ಲಿನ ಒಂದು ತಲೆಮಾರು ಬೆಂಗಳೂರಿಗೆ ರೈಲಿದೆ ಎನ್ನುವುದನ್ನೇ ಮರೆತು ಬಸ್ಸಿಗೆ ಒಗ್ಗಿಕೊಂಡಿತು. ಕುಣಿಗಲ್ ದಾರಿ ತೆರೆದದ್ದು 2017ರಲ್ಲಿ. ಅರಸೀಕೆರೆಯನ್ನೋ ಮೈಸೂರನ್ನೋ ಸುತ್ತುವುದು ತಪ್ಪಿತು. ಅದಕ್ಕೆ ಕೃತಜ್ಞತೆ ಇದೆ. ಘಟ್ಟ ಮಾತ್ರ ಹಾಗೆಯೇ ಉಳಿಯಿತು.

ಕಿಲೋಮೀಟರನ್ನು ನಂಬಿ ನಿರ್ಧಾರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಧಾರವಾಡವನ್ನು ನೋಡಿ. ಬೆಂಗಳೂರಿನಿಂದ ಧಾರವಾಡಕ್ಕೆ ರೈಲಿನಲ್ಲಿ ಐನೂರಕ್ಕೆ ಸ್ವಲ್ಪ ಕಡಿಮೆ ಕಿಲೋಮೀಟರ್. 2023ರ ಜೂನ್‌ನಲ್ಲಿ ಬಂದ ವಂದೇ ಭಾರತ್ ಆ ದೂರವನ್ನು ಏಳು ಗಂಟೆಯೊಳಗೆ ಮುಗಿಸುತ್ತದೆ. ನಮ್ಮದು ಅದಕ್ಕಿಂತ ನೂರಿಪ್ಪತ್ತು, ನೂರಮೂವತ್ತು ಕಿಲೋಮೀಟರ್ ಕಡಿಮೆ, ಆದರೆ ಮೂರು ಗಂಟೆ ಹೆಚ್ಚು. ಹಾಗಾದರೆ ರಾಜಧಾನಿಗೆ ಯಾರು ಹತ್ತಿರ? ಧಾರವಾಡದವರ ಮೇಲೆ ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅವರಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಖಾಯಂ ಆಯಿತು, ಕಲಬುರಗಿಗೂ ಹಾಗೆಯೇ. ಬೇಕಾಗಿತ್ತು, ಬಂತು. ಈಗ ಮಂಗಳೂರಿನ ವಕೀಲರು ಕರಾವಳಿಗೂ ಒಂದು ಪೀಠ ಕೊಡಿ ಎಂದು ಕೇಳುತ್ತಿದ್ದಾರೆ. ಮಂಗಳೂರು ಬೆಂಗಳೂರಿಗೆ ಅಷ್ಟೇನೂ ದೂರವಿಲ್ಲವಲ್ಲ ಎಂದು ಯಾರಾದರೂ ಕಡತದಲ್ಲಿ ಬರೆದರೆ ಆ ದೂರವನ್ನು ಅಳೆದದ್ದು ಯಾವ ಕೋಲಿನಿಂದ ಎಂದು ಕೇಳಿ.

ರಸ್ತೆಯನ್ನು ಬೇಗ ದಾಟಲು ಆಗುವುದೇ ಇಲ್ಲ ಎಂದೇನಲ್ಲ. 2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ ನಲವತ್ತು ದಿನದ ಕೂಸನ್ನು ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಆಂಬ್ಯುಲೆನ್ಸ್‌ನಲ್ಲಿ ನಾಲ್ಕೂವರೆ ಗಂಟೆಯೊಳಗೆ ಮುಟ್ಟಿಸಿದರು. ಊರೂರಿನಲ್ಲಿ ಪೊಲೀಸರು ಮತ್ತು ಜನ ರಸ್ತೆಬದಿಯಲ್ಲಿ ನಿಂತು ದಾರಿ ಬಿಡಿಸಿದರು. ನೋಡಿದ ನಮಗೆಲ್ಲ ಹೆಮ್ಮೆಯಾಯಿತು. ಜೊತೆಗೆ ಇನ್ನೊಂದೂ ತಿಳಿಯಿತು: ಮಳೆಯಿಲ್ಲದ ದಿನ, ದಾರಿಯ ಊರುಗಳೆಲ್ಲ ಬದಿಗೆ ಸರಿದು ನಿಂತರೂ, ಒಳ್ಳೆಯ ಡ್ರೈವರ್ ಪ್ರಾಣ ಕೈಯಲ್ಲಿ ಹಿಡಿದು ಓಡಿಸಿದರೂ, ಈ ರಸ್ತೆಗೆ ನಾಲ್ಕು ಗಂಟೆಗಿಂತ ಹೆಚ್ಚೇ ಬೇಕು. ಉಳಿದವರಿಗೆ ಬಿ.ಸಿ.ರೋಡ್‌ನಿಂದ ಅಡ್ಡಹೊಳೆಯವರೆಗಿನ ಚತುಷ್ಪಥ ಕಾಮಗಾರಿಯ ಧೂಳು, ಶಿರಾಡಿಯ ತಿರುವು, ಎದುರಿಗೆ ಏದುಸಿರು ಬಿಡುತ್ತಾ ಏರುವ ಟ್ಯಾಂಕರ್. ಕಲ್ಲಡ್ಕದಲ್ಲಿ ಫ್ಲೈಓವರ್ ಅಂತೂ ಮುಗಿಯಿತು. ಅದರ ಮೇಲೆ ಹೋದವರಿಗೆ ಅಲ್ಲಿನ ಹೆಸರುವಾಸಿ ಕೆ.ಟಿ., ಅಂದರೆ ಕಲ್ಲಡ್ಕ ಟೀ ತಪ್ಪಿತು, ಅದೊಂದು ನಷ್ಟ.

ಮಳೆಗಾಲಕ್ಕೆ ಬರುತ್ತೇನೆ, ಯಾಕೆಂದರೆ ಈ ಪತ್ರದ ನಿಜವಾದ ಬೇಡಿಕೆ ಇರುವುದು ಅಲ್ಲಿ. 2018ರ ಆಗಸ್ಟಿನಲ್ಲಿ ಶಿರಾಡಿ ಬಂದ್, ಸಂಪಾಜೆ ಬಂದ್, ರೈಲೂ ಬಂದ್. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಜರಿದು ಶಿರಾಡಿ ನಿಂತಿತು. ಅದೇ ತಿಂಗಳ 26ರಂದು ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ಎರಡು ವಾರದ ಹತ್ತಿರ ನಿಂತಿತು. ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಆಟಿಯ ಮಳೆಗೆ ಅದು ಕೆಳಗೆ ಬರುತ್ತದೆ ಎನ್ನುವುದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ. ಹಾಗಾಗಿ ಶಿರಾಡಿಗೆ ಸುರಂಗ ಕೊರೆಯಿರಿ, ಘಟ್ಟವನ್ನು ಇನ್ನಷ್ಟು ಅಗಲ ಕಡಿಯಿರಿ ಎಂದು ನಾನು ಕೇಳುವುದಿಲ್ಲ. ನಮ್ಮ ಕಡೆಯ ಹಲವರು ಕೇಳುತ್ತಾರೆ, ಅವರ ಜೊತೆ ನನಗೆ ಜಗಳವಿದೆ. ದಾರಿ ಬೇಗ ಆಗಬೇಕೆಂದು ದಾರಿಯೇ ಇಲ್ಲದ ಹಾಗೆ ಮಾಡಿಕೊಳ್ಳುವುದು ಬೇಡ.

ಘಟ್ಟ ಬಂದ್ ಆದ ದಿನ ನನ್ನ ಅಂಗಡಿಯಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್ಆ್ಯಪ್‌ನಲ್ಲಿ ಬಂದ ಅರ್ಧ ಗಂಟೆಗೆ ಫೋನು ಬಡಿದುಕೊಳ್ಳಲು ಶುರು. ಚಾರ್ಮಾಡಿಯಲ್ಲಿ ದೊಡ್ಡ ಬಸ್ಸು ಬಿಡುವುದಿಲ್ಲ. ರೈಲು ಇದ್ದರೆ ವೇಯ್ಟಿಂಗ್ ಲಿಸ್ಟ್ ನೂರರ ಮೇಲೆ ಹೋಗುತ್ತದೆ. ತತ್ಕಾಲ್ ತೆರೆದ ಕೂಡಲೇ ಖಾಲಿ. ಉಳಿದದ್ದು ವಿಮಾನ. ಬೆಳಿಗ್ಗೆ ನೋಡಿದ ದರ ಮಧ್ಯಾಹ್ನಕ್ಕೆ ಎರಡು ಪಟ್ಟು, ಸಂಜೆಗೆ ಅದಕ್ಕೂ ಮೇಲೆ. ಗಿರಾಕಿ ಹೌಹಾರಿ ನನ್ನ ಮುಖ ನೋಡುತ್ತಾನೆ, ನಾನೇ ಏರಿಸಿದೆನೋ ಎನ್ನುವ ಹಾಗೆ.

ದರಕ್ಕೆ ಕಡಿವಾಣ ಹಾಕಲು ಸರ್ಕಾರಕ್ಕೆ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಬಳಿಕ ವಿಮಾನಗಳು ಮತ್ತೆ ಹಾರಿದಾಗ, ಹಾರಾಟದ ನಿಮಿಷಗಳ ಮೇಲೆ ಏಳು ವರ್ಗ ಮಾಡಿ ದರ ಕಟ್ಟಿದಿರಿ: 40 ನಿಮಿಷದೊಳಗೆ ಇಷ್ಟು, 60ರೊಳಗೆ ಇಷ್ಟು, 90ರೊಳಗೆ ಇಷ್ಟು. 2025ರ ಡಿಸೆಂಬರಿನಲ್ಲಿ ದೇಶದುದ್ದಕ್ಕೂ ವಿಮಾನಗಳು ಸಾಲುಸಾಲಾಗಿ ರದ್ದಾದಾಗ ಕಿಲೋಮೀಟರಿನ ಲೆಕ್ಕದಲ್ಲಿ ಮಿತಿ ಹಾಕಿದಿರಿ. 500 ಕಿಲೋಮೀಟರಿನೊಳಗೆ 7,500 ರೂಪಾಯಿ ಮೀರುವಂತಿಲ್ಲ ಎಂದು. 2016ರ ಉಡಾನ್ ಯೋಜನೆಯಲ್ಲಿಯೂ ಹೀಗೆಯೇ: ಒಂದು ಗಂಟೆಯ, ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ 2,500 ರೂಪಾಯಿ ಎಂದು ಲೆಕ್ಕ ಹಿಡಿದಿರಿ. ನಿಮಿಷದಿಂದಲೂ ಗೊತ್ತು, ಕಿಲೋಮೀಟರಿನಿಂದಲೂ ಗೊತ್ತು. ದೆಹಲಿ, ಮುಂಬೈ ಸಿಕ್ಕಿಬಿದ್ದಾಗ ಕೆಲವೇ ದಿನದಲ್ಲಿ ಆದೇಶ ಹೊರಡುತ್ತದೆ. ಶಿರಾಡಿ ಮುಚ್ಚಿದಾಗಲೂ ಅದೇ ಆದೇಶ ಯಾಕೆ ತಾನಾಗಿ ಜಾರಿಗೆ ಬರಬಾರದು?

ನಾನು ಕೇಳುವುದು ಇದನ್ನು. ಹಾಸನದ ಅಥವಾ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಶಿರಾಡಿಯಲ್ಲಿ ಸಂಚಾರ ನಿಲ್ಲಿಸಿ ಸಹಿ ಹಾಕಿದ ಹೊತ್ತಿನಿಂದ ಮಂಗಳೂರು–ಬೆಂಗಳೂರು ವಿಮಾನದ ದರಕ್ಕೆ ಮಿತಿ ಬೀಳಬೇಕು. ಹಳಿ ಸರಿಯಿದ್ದರೆ ಅದೇ ರಾತ್ರಿ ಹೆಚ್ಚುವರಿ ರೈಲು ಹೊರಡಬೇಕು, ಅದಕ್ಕೆ ಬೋಗಿಗಳು ಮಳೆಗಾಲ ಪೂರ್ತಿ ಮಂಗಳೂರಿನಲ್ಲಿಯೇ ನಿಂತಿರಬೇಕು. ಹಳಿಯೂ ಹೋಗಿದ್ದರೆ, ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಹಾಜರಾಗಬೇಕಾದ ಕರಾವಳಿಯವರಿಗೆ, ಉದ್ಯೋಗಸೌಧದ ಸಂದರ್ಶನ ಇರಲಿ, ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದಲ್ಲಿ ದಾಖಲೆ ಪರಿಶೀಲನೆ ಇರಲಿ, ಕೇಳದೆಯೇ ಇನ್ನೊಂದು ದಿನ ಸಿಗಬೇಕು. ಈಗ ಸಿಗುವುದಿಲ್ಲ ಎಂದಲ್ಲ. ಮನವಿ ಕೊಟ್ಟು, ಶಾಸಕರ ಪಿ.ಎ.ಗೆ ಫೋನ್ ಮಾಡಿ, ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸಿಗುತ್ತದೆ. ಫೋನ್ ಮಾಡಲು ಗುರುತು ಇಲ್ಲದವರ ಗತಿ ಏನು? ಹಾಸನದಲ್ಲಿ ನಿಂತ ಬಸ್ಸಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿ “ಅಣ್ಣ, ಬೇರೆ ಏನಾದ್ರೂ ದಾರಿ ಉಂಟಾ” ಎಂದು ಕೇಳಿದರೆ ನಾನು ಏನು ಹೇಳಲಿ?

ಇನ್ನು ದಿನನಿತ್ಯದ ಲೆಕ್ಕಕ್ಕೆ ಒಂದು ಮಾತು. ನಿಮ್ಮ ಯೋಜನಾ ವರದಿಗಳಲ್ಲಿ ‘ಪ್ರಯಾಣದ ಸಮಯ’ ಎಂದು ಒಂದು ಕಲಂ ಇರುತ್ತದೆ. ಅಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಎಂದು ಬರೆಯುವುದನ್ನು ಬಿಟ್ಟು ಬಸ್‌ಸ್ಟ್ಯಾಂಡಿನಿಂದ ಕಚೇರಿಯ ಬಾಗಿಲಿಗೆ ಎಂದು ಬರೆಯಿರಿ. ಪುತ್ತೂರಿನಿಂದ, ಸುಳ್ಯದಿಂದ, ಬೆಳ್ತಂಗಡಿಯಿಂದ. ವಿಮಾನದಲ್ಲಿ ಆರು ಗಂಟೆ, ರಾತ್ರಿ ಬಸ್ಸಿನಲ್ಲಿ ಎಂಟು ಗಂಟೆ ಎಂದು ಅಕ್ಕಪಕ್ಕ ಬಂದರೆ, ಘಟ್ಟದ ರೈಲಿನಲ್ಲಿ ಒಂದೂವರೆ ಗಂಟೆ ಉಳಿಸಲು ಎಷ್ಟು ಖರ್ಚು ಮಾಡಬಹುದು ಎನ್ನುವ ಲೆಕ್ಕ ತಾನಾಗಿ ಬದಲಾಗುತ್ತದೆ. ಗೂಡ್ಸ್ ರೈಲಿಗೆ ದಾರಿ ಬಿಡಲು ಹಗಲು ರೈಲನ್ನು ಎಷ್ಟು ಹೊತ್ತು ಕಾಡಿನ ನಡುವೆ ನಿಲ್ಲಿಸಬಹುದು ಎನ್ನುವುದೂ ಆಗ ಕಾಣುತ್ತದೆ. ಘಟ್ಟದಲ್ಲಿ 30 ಕಿಲೋಮೀಟರ್ ಮಿತಿ ಸುರಕ್ಷತೆಗೆ ಬೇಕು, ಅದನ್ನು ಮುಟ್ಟಬೇಡಿ. ಘಟ್ಟದ ಆಚೆ–ಈಚೆ ಬಯಲಿನಲ್ಲಿ ಹೋಗುವ ನಿಮಿಷಗಳನ್ನಾದರೂ ಹಿಡಿಯಬಹುದಲ್ಲ.

‘ನಮ್ಮ ಜೊತೆ ಒಮ್ಮೆ ರೈಲಿನಲ್ಲಿ ಬನ್ನಿ’ ಎಂದು ನಿಮ್ಮನ್ನು ಕರೆಯುವುದಿಲ್ಲ. ನೀವು ಬಂದರೆ ಆ ದಿನ ರೈಲು ಸಮಯಕ್ಕೆ ಸರಿಯಾಗಿ ಓಡುತ್ತದೆ, ಗೂಡ್ಸೆಲ್ಲ ಬದಿಗೆ ನಿಲ್ಲುತ್ತದೆ, ಬಾತ್‌ರೂಮಿನಲ್ಲಿ ನೀರೂ ಇರುತ್ತದೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಮುಂಗಾರು ನಮ್ಮಲ್ಲಿಗೆ ಜೂನ್ ಮೊದಲ ವಾರದಲ್ಲಿ ಬರುತ್ತದೆ. ಘಟ್ಟ ಬಂದ್ ಆದಾಗ ಯಾರು ಏನು ಮಾಡಬೇಕು ಎನ್ನುವ ಆದೇಶ ಎರಡು ಪುಟಕ್ಕಿಂತ ಹೆಚ್ಚು ಬೇಕಾಗಿಲ್ಲ. ಮೇ ತಿಂಗಳ ಒಳಗೆ ಅದು ಮೂರೂ ಇಲಾಖೆಗಳ ಸಹಿ ಬಿದ್ದು ಜಿಲ್ಲಾಧಿಕಾರಿ ಕಚೇರಿಯ ಬೋರ್ಡಿಗೆ ಬರಲಿ. ಒಂದು ಪ್ರತಿಯನ್ನು ನನ್ನ ಅಂಗಡಿಯ ಗಾಜಿಗೂ ಅಂಟಿಸುತ್ತೇನೆ.

ಇಂತಿ,
ಪುತ್ತೂರಿನ ಒಬ್ಬ ಟಿಕೆಟ್ ಬುಕಿಂಗ್ ಅಂಗಡಿಯವ